ನಾಲ್ಕು ಬೆರಳು ಬಟ್ಟೆ

ಕುಮಟಾ
೧೯ ಜೂನ್ ೨೦೨೫, ಗುರುವಾರ

ಪ್ರೀತಿಯ ತಮ್ಮ ಶ್ರೀಧರ,

ಹೇಗಿದ್ದೀಯ ಮಾರಾಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಅಲ್ಲಿ ನಿನ್ನ ಮಿಷನ್ನಿನ ದೀಪ ಎಡಗಡೆಗಿದೆಯೋ ಬಲಗಡೆಗೋ? ಬಲಗಡೆಗಿದ್ದರೆ ಕೈಯ ನೆರಳು ಸೂಜಿಯ ಮೇಲೆ ಬಿದ್ದು ಕಣ್ಣು ಹಾಳಾಗುತ್ತದೆ ಎಂದು ಅಪ್ಪ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದದ್ದು ನೆನಪಿರಲಿ. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ. ಭಟ್ಕಳದಲ್ಲಿ ಊಟಕ್ಕೇನೂ ಕೊರತೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಎರಡು ಪಾವ್ ಚಹಾದಲ್ಲಿ ಅದ್ದಿ ತಿಂದು ಊಟ ಆಯಿತು ಎನ್ನುವವನು ನೀನು, ನನಗೆ ಗೊತ್ತಿಲ್ಲವೇ. ಮಧ್ಯಾಹ್ನ ಒಂದು ತುತ್ತು ಅನ್ನ ಉಣ್ಣು. ನಾವು ಇಲ್ಲಿ ಇದ್ದೇವೆ. ನಿನ್ನ ಭಾವನ ಮೊಣಕಾಲು ಮಳೆ ಶುರುವಾದ ದಿನದಿಂದ ಹಿಡಿದುಕೊಂಡಿದೆ, ಆದರೂ ಬಸ್ ಡಿಪೋದ ಕೆಲಸಕ್ಕೆ ಹೋಗುವುದು ಬಿಟ್ಟಿಲ್ಲ. ನಾನೂ ಸೊಸೈಟಿಯ ಕೆಲಸಕ್ಕೆ ಹೋಗಿ ಬಂದು ಮಾಡುತ್ತೇನೆ. ಹೊತ್ತು ಹೋಗುತ್ತದೆ.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ಭಾವ ಪಕ್ಕದಲ್ಲಿ ಕೂತು ನಗುತ್ತಿದ್ದಾರೆ. ನಗಲಿ. ಫೋನು ಎತ್ತದ ತಮ್ಮನನ್ನು ಕಟ್ಟಿಕೊಂಡ ಅಕ್ಕ ಬೇರೆ ಏನು ಮಾಡಬೇಕು? ನಾನು ವಾಟ್ಸಾಪಿನಲ್ಲಿ ಕಳಿಸಿದ್ದೆಲ್ಲ ಒಂದೇ ಗೀಟು ಬಿದ್ದು ನಿಂತುಬಿಡುತ್ತದೆ. ನೆಟ್‌ವರ್ಕಿನ ತೊಂದರೆ ಎಂದುಕೊಂಡು ಎರಡು ವಾರ ನಿನಗೆ ದಿನವೂ ಗುಡ್ ಮಾರ್ನಿಂಗ್ ಕಳಿಸಿದ್ದೇನೆ, ಮಳ್ಳಿ ನಾನು. ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ ಎಂದು ಆಮೇಲೆ ಭಾವನೇ ಬಿಡಿಸಿ ಹೇಳಿದರು, ಹೇಳುವಾಗ ಮುಖ ನೋಡಲಿಲ್ಲ. ಕಾಗದವನ್ನಾದರೆ ನೀನು ಹರಿದು ಬಿಸಾಡಬಹುದು, ಆದರೆ ಹರಿಯುವ ಮೊದಲು ಒಮ್ಮೆಯಾದರೂ ಕಣ್ಣಾಡಿಸದೆ ಇರುವವನಲ್ಲ. ನಾಳೆ ಬೆಳಿಗ್ಗೆ ಭಟ್ಕಳಕ್ಕೆ ಬರುವ ಬಸ್ಸಿನ ಕಂಡಕ್ಟರ್ ಲೋಕೇಶನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಭಾವನ ಗುರುತಿನವನು, ಅಂಗಡಿಗೇ ಬಂದು ಕೊಡುತ್ತಾನೆ.

ಹೋದ ಭಾನುವಾರ ನಾನೇ ಅಲ್ಲಿಗೆ ಬಂದಿದ್ದೆನಲ್ಲ, ನಿನಗೆ ಗೊತ್ತಿದೆ. ಅಷ್ಟು ದೊಡ್ಡ ರೆಡಿಮೇಡ್ ಅಂಗಡಿ, ಗಾಜಿನ ಬಾಗಿಲು, ಒಳಗೆ ಏಣಿಮೆಟ್ಟಿಲಿನ ಕೆಳಗೆ ನಿನ್ನ ಮಿಷನ್ನು. ಬೇರೆಯವರು ಹೊಲಿದ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಾ ಕೂತಿದ್ದೆ. ನೀನು ಗಾಜಿನಲ್ಲಿ ನನ್ನನ್ನು ನೋಡಿದೆ, ಎದ್ದೆ, ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ಕತ್ತರಿ ಇನ್ನೂ ಬಟ್ಟೆಯ ಮೇಲೇ ಇತ್ತು. ನಿನ್ನ ಯಜಮಾನರು ಒಳ್ಳೆಯ ಮುದುಕರು. "ಮಾಸ್ಟರ್ ಚಾಯ್ ಕುಡಿಯೋಕೆ ಹೋಗ್ಯಾರೆ ಅಂತ ಹೇಳೋಕೆ ಹೇಳ್ಯಾರೆ. ನನಗೆ ಸುಳ್ಳು ಬರೂದಿಲ್ಲ ಬಾಯಿಯವ್ರೇ, ನೀವು ಕೂತ್ಕೊಳಿ" ಎಂದು ನನಗೆ ಸ್ಟೂಲು ಕೊಟ್ಟು ಫ್ಯಾನು ಹಾಕಿದರು. ಒಂದು ತಾಸು ಕೂತೆ. ಹಲಸಿನ ಹಪ್ಪಳದ ಕಟ್ಟು ಅವರ ಮೇಜಿನ ಮೇಲಿಟ್ಟು ಎದ್ದು ಬಂದೆ. ಬಸ್ಸಿನಲ್ಲಿ ಹೊನ್ನಾವರದವರೆಗೂ ಅತ್ತೆ, ಅದನ್ನೇನೂ ಮುಚ್ಚಿಡುವುದಿಲ್ಲ. ಹಪ್ಪಳ ನೀನೇ ತಿಂದೆಯೋ ಅವರಿಗೇ ಬಿಟ್ಟೆಯೋ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿನ್ನ ಮಗಳು ಅಮೂಲ್ಯಾಳ ಶಾಲೆಯ ಮಾತು. ಮುಖ ಗಂಟು ಹಾಕಬೇಡ, ಪೂರ್ತಿ ಓದು. ಮೊದಲು ನನ್ನ ತಪ್ಪನ್ನು ನಾನೇ ಬರೆಯುತ್ತೇನೆ. ಎದುರಿಗೆ ಕೂತು ಹೇಳುವುದಕ್ಕೆ ನೀನು ಬಿಡಲಿಲ್ಲ.

ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ರೇಖಾ ನಮ್ಮ ಮನೆಗೆ ಬಂದಳು. ನಿನಗೆ ತಿಳಿಸದೆ ಬಂದಿದ್ದಳು, ಅದಕ್ಕಾಗಿ ನಿನ್ನ ಹೆಂಡತಿಯನ್ನು ಬೈಯಬೇಡ. ಚಹಾ ಕುಡಿಯಲಿಲ್ಲ, ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಳು. ಶಾಲೆಯವರು ಈ ವರ್ಷದಿಂದ ಯೂನಿಫಾರ್ಮನ್ನು ಹೊರಗೆ ಹೊಲಿಸುವಂತಿಲ್ಲ ಎಂದು ಹೇಳಿದ್ದಾರೆ, ಯಾವುದೋ ಕಂಪನಿಯ ರೆಡಿಮೇಡು ಶಾಲೆಯ ಕೌಂಟರಿನಲ್ಲೇ ಕೊಳ್ಳಬೇಕು, ಬಣ್ಣವೂ ಬದಲು, ನೀಲಿ ಚೌಕುಳಿ ಹೋಗಿ ಬೂದು ಬಂದಿದೆ ಎಂದಳು. ನೀನು ಶಾಲೆಯ ದರ್ಜಿ ಎಂದು ಅಮೂಲ್ಯಾಳಿಗೆ ಫೀಸಿನಲ್ಲಿ ಬಿಡುತ್ತಿದ್ದ ಅರ್ಧವೂ ಇನ್ನಿಲ್ಲ. ಪ್ರತಿ ವರ್ಷದಂತೆ ನೀನು ಮಾರ್ಚಿನಲ್ಲೇ ನೀಲಿ ಬಟ್ಟೆಯ ಥಾನುಗಳನ್ನು ತಂದಿಟ್ಟುಕೊಂಡಿದ್ದೆ. ಹದಿನಾಲ್ಕು ವರ್ಷ ಹಾಗೆಯೇ ನಡೆದದ್ದು, ಈ ಸಲ ಕೇಳಿಕೊಂಡು ತರಬೇಕು ಎಂದು ಯಾರಿಗೆ ಹೊಳೆಯುತ್ತದೆ? ಮೇ ತಿಂಗಳೆಂದರೆ ನಿನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೊನ್ನಾವರದ ಅರ್ಧ ಮಕ್ಕಳ ಎದೆಯಳತೆ ನಿನ್ನ ಪುಸ್ತಕದಲ್ಲಿತ್ತು. ಈ ಮೇನಲ್ಲಿ ನೀನು ಆ ನೀಲಿ ಬಟ್ಟೆಯಲ್ಲಿ ದಿಂಬಿನ ಚೀಲ ಹೊಲಿಯುತ್ತಾ ಕೂತಿದ್ದೀಯ ಎಂದು ರೇಖಾ ಹೇಳಿದಳು. ನಮಗೂ ಒಂದು ಪರದೆ ಕಳಿಸಿದ್ದೆ. ಅದು ಈಗ ಅಡುಗೆಮನೆಯ ಕಿಟಕಿಗೆ ಇದೆ, ದಿನವೂ ಅದನ್ನೇ ನೋಡುತ್ತಾ ಅನ್ನ ಬಸಿಯುತ್ತೇನೆ.

ರೇಖಾ ಕೇಳಿದ್ದು ಇಷ್ಟೇ, "ಅತ್ಗೆ, ಈ ಒಂದ್ ವರ್ಷ ಶಾಲೆ ಖರ್ಚಿಗೆ ಕೈ ಹಿಡೂಕೆ ಆಗ್ತದ್ಯ ನಿಮ್ಗೆ?" ಆಗುತ್ತಿತ್ತು ಶ್ರೀಧರ. ನನ್ನ ಹತ್ತಿರ ಇತ್ತು. ಇಲ್ಲದೆ ಇದ್ದಿದ್ದರೆ ಇವತ್ತು ನಾನು ಇಷ್ಟು ಬರೆಯಬೇಕಾಗಿಯೇ ಇರಲಿಲ್ಲ, ಇಲ್ಲ ಎಂದರೆ ಮುಗಿಯುತ್ತಿತ್ತು. ನಾನು ನೋಡೋಣ ಎಂದೆ. ಭಾವನನ್ನು ಕೇಳಿದೆ. ಅವರ ಮಾತು ನಿನಗೆ ಗೊತ್ತೇ ಇದೆ, ನೇರ. "ಈ ಜೂನ್ ಕೊಡ್ತೆ, ಬರೂ ಜೂನ್ ಎಂತ ಮಾಡ್ತೆ? ಹುಡ್ಗಿ ಸರಕಾರಿ ಹೈಸ್ಕೂಲಿಗೆ ಹೋಗ್ಲಿ, ನಾವೆಲ್ಲ ಅಲ್ಲೇ ಕಲ್ತಂವ್ರಲ್ದಾ" ಎಂದರು. ಅದು ತಪ್ಪು ಮಾತಲ್ಲ. ಆದರೆ ನಾನು ತಡ ಮಾಡಿದ್ದು ಅವರ ಮಾತಿಗಲ್ಲ. ನಿಜ ಹೇಳುತ್ತೇನೆ, ನೀನೇ ಬಂದು ಕೇಳಲಿ ಎಂದು ಕಾದೆ. ಹೆಂಡತಿಯನ್ನು ಕಳಿಸುತ್ತಾನೆ, ಅಕ್ಕನ ಮುಂದೆ ಬಾಯಿ ಬಿಡಲು ಇವನಿಗೇನು ಧಾಡಿ, ಚಿಕ್ಕಂದಿನಲ್ಲಿ ಕೈ ಹಿಡಿದು ನಮ್ಮೂರು ಕರ್ಕಿಯ ಶಾಲೆಗೆ ಕರೆದುಕೊಂಡು ಹೋದವಳು ನಾನಲ್ಲವೇ ಎಂದು ನನ್ನೊಳಗೇ ಸೆಟೆದುಕೊಂಡೆ. ನಿನಗೆ ರೇಖಾ ಬಂದದ್ದೇ ಗೊತ್ತಿರಲಿಲ್ಲ ಎನ್ನುವುದೂ ನನ್ನ ತಲೆಗೆ ಹೋಗಲಿಲ್ಲ. ಹಾಗೆ ಎಂಟು ದಿನ ಕಳೆದೆ. ರೇಖಾ ಎರಡು ಸಲ ಫೋನ್ ಮಾಡಿ ಬೇರೆ ಏನೇನೋ ಮಾತಾಡಿ ಇಟ್ಟಳು.

ಒಂಬತ್ತನೆಯ ದಿನ ನನಗೆ ನನ್ನ ಮೇಲೇ ಸಿಟ್ಟು ಬಂತು. ಶಾಲೆ ಶುರುವಾಗಲು ಎರಡು ದಿನ ಇತ್ತು. ಸೊಸೈಟಿಗೆ ರಜೆ ಹಾಕಿ ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದು, ನಿನ್ನ ಅಂಗಡಿಯ ಎದುರಿಂದಲೇ ಹಾದು ನೇರ ಶಾಲೆಗೆ ಹೋದೆ. ಕೌಂಟರಿನ ಸಾಲಿನಲ್ಲಿ ನಿಂತು ಅಮೂಲ್ಯಾಳ ಅಳತೆಯನ್ನು ಅಂದಾಜಿನಲ್ಲಿ ಹೇಳಿ ಎರಡು ಜೊತೆ ಕೊಂಡೆ, ಟಾಪು, ಪ್ಯಾಂಟು, ಓವರ್‌ಕೋಟು, ಎಲ್ಲ. ಬುದ್ಧಿ ಇದ್ದವಳಾದರೆ ಅದನ್ನು ಮನೆಗೆ ತೆಗೆದುಕೊಂಡು ಹೋಗಿ ರೇಖಾಳ ಕೈಯಲ್ಲಿ ಕೊಡಬೇಕಿತ್ತು. ನಾನು ಆ ಕಂಪನಿಯ ಹೆಸರು ಅಚ್ಚಾದ ಪ್ಲಾಸ್ಟಿಕ್ ಚೀಲವನ್ನು ಎತ್ತಿ ಹಿಡಿದುಕೊಂಡು ನಿನ್ನ ಅಂಗಡಿಗೇ ಬಂದೆ. ನಿನಗೆ ಖುಷಿಯಾಗುತ್ತದೆ ಎಂದುಕೊಂಡೆ, ದೇವರಾಣೆ. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಅವರ ಮುಂದೆ ನಿನ್ನ ಕತ್ತರಿಸುವ ಮೇಜಿನ ಮೇಲೆ ಚೀಲ ಇಟ್ಟು ನಾನು ಹೇಳಿದ ಮಾತು ನಿನಗೆ ಮರೆತಿರಲಿಕ್ಕಿಲ್ಲ, ನನಗಂತೂ ಮರೆಯುವುದಿಲ್ಲ. "ತಕಾ, ಎಲ್ಲ ರೆಡಿ ತಂದೀನೆ. ಇನ್ ನೀ ಹೊಲಿಯೂದೇ ಬ್ಯಾಡ."

ಆ ಮೂವರಲ್ಲಿ ಒಬ್ಬರು ನಕ್ಕರು. ದರ್ಜಿಯ ಮಗಳಾಗಿ ಹುಟ್ಟಿ, ದರ್ಜಿ ತಮ್ಮನ ಎದುರು ನಿಂತು ನಾನು ಆ ಮಾತು ಆಡಿದೆ.

ನೀನು ಚೀಲದಿಂದ ಪ್ಯಾಂಟನ್ನು ತೆಗೆದು, ಅಪ್ಪ ಮಾಡುತ್ತಿದ್ದ ಹಾಗೆಯೇ, ಮೇಲ್ಗಡೆ ನೋಡದೆ ಒಳಗು ಹೊರಗು ಮಾಡಿ ಹೊಲಿಗೆಯ ಅಂಚನ್ನು ಬೆರಳಲ್ಲಿ ಸವರಿದೆ. ಅಪ್ಪ ಮಕ್ಕಳ ಬಟ್ಟೆಗೆ ಕತ್ತರಿ ಹಾಕುವಾಗ ಒಳಗೆ ನಾಲ್ಕು ಬೆರಳು ಬಟ್ಟೆ ಬಿಡದೆ ಇರುತ್ತಿರಲಿಲ್ಲ. ಗಿರಾಕಿ ಬಟ್ಟೆ ಕಡಿಮೆ ತಂದಿದ್ದರೆ ಜೇಬನ್ನೇ ಚಿಕ್ಕದು ಮಾಡಿ ಅಲ್ಲಿಂದ ಉಳಿಸುತ್ತಿದ್ದರು. "ಮಕ್ಳು ಬೆಳೀತ್ರು, ಮೂರ್ ವರ್ಷ ಬರೂಕೇ ಬೇಕು" ಎನ್ನುತ್ತಿದ್ದರು. ಊರಿಗೆ ದೇವು ಮಾಸ್ತರ ಆಗಿದ್ದ ಅಪ್ಪ ಹೊಲಿದ ಚಡ್ಡಿ ಮೊದಲು ಮನೆಯ ಅಣ್ಣ ಹಾಕಿ, ಬಿಚ್ಚಿ ಇಳಿಸಿ ಮತ್ತೆ ಅವನೇ ಹಾಕಿ, ಕೊನೆಗೆ ತಮ್ಮನಿಗೆ ಬರುತ್ತಿತ್ತು, ಕರ್ಕಿಯಲ್ಲಿ ಇವತ್ತಿಗೂ ಅದನ್ನು ನೆನೆಯುವವರಿದ್ದಾರೆ. ನೀನು ಆ ಪ್ಯಾಂಟಿನ ಅಂಚನ್ನು ಸವರಿ ಒಂದೇ ಮಾತು ಹೇಳಿದೆ, "ಅಕ್ಕಾ, ಒಳ್ಗೆ ಎಂತದೂ ಬಿಡ್ಲಿಲ್ಲ ಇವ್ರು. ಬರೂ ವರ್ಷ ಎಂತ ಮಾಡೂದು?" ನಾನು ಅದಕ್ಕೂ ನಕ್ಕೆ. ಬರುವ ವರ್ಷದ್ದು ಬರುವ ವರ್ಷ ನೋಡೋಣ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ.

ಅಂದು ಸಂಜೆ ಮಗಳನ್ನು ನಿಲ್ಲಿಸಿ ಅಳತೆ ತೆಗೆದು, ನೀನು ಆ ಎರಡೂ ಪ್ಯಾಂಟುಗಳನ್ನು ಬಿಚ್ಚಿ ಹಾಕಿದೆ ಎಂದು ರೇಖಾ ಫೋನಿನಲ್ಲಿ ಹೇಳಿದಳು. ಸಿಟ್ಟಿಗೆ ಬಿಚ್ಚಿದ್ದಾನೆ ಎಂದೇ ನಾನು ತಿಳಿದೆ, ಉದ್ದವೋ ಗಿಡ್ಡವೋ ಆಗಿರಬೇಕು, ಅದಕ್ಕೂ ಅಕ್ಕನ ಮೇಲೆ ಹರಿಹಾಯುತ್ತಿದ್ದಾನೆ ಎಂದು ಗೊಣಗಿದೆ. ಮೂರನೆಯ ದಿನ ಅಮೂಲ್ಯಾ ಬೂದು ಬಟ್ಟೆ ಹಾಕಿಕೊಂಡು ಎಂಟನೆಯ ಕ್ಲಾಸಿಗೆ ಹೋದಳು, ನೀನು ಅಂಗಡಿಗೆ ಬೀಗ ಹಾಕಿ, ಅಪ್ಪನ ಹಳೆಯ ಮಿಷನ್ನನ್ನು ಮನೆಯಲ್ಲಿಟ್ಟು, ಭಟ್ಕಳದ ಬಸ್ಸು ಹತ್ತಿದೆ. ಹೋಗುವಾಗ ರೇಖಾಳಿಗೆ ಹೇಳಿದ ಮಾತು ಅವಳು ನನಗೆ ಹೇಳಿದ್ದಾಳೆ, "ಅಕ್ಕನ್ ಕೈಯಿಂದ ಇನ್ ಒಂದ್ ದಾರದ ಉಂಡೆಯೂ ತಕಬ್ಯಾಡ." ಸರಿ. ನನಗೆ ಅದು ತಕ್ಕದ್ದೇ.

ಆದರೆ ಮಾರಾಯ, ಶಿಕ್ಷೆ ನನಗೆ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇದು ಆ ಹುಡುಗಿಗೆ ಆಗುತ್ತಿದೆ. ಯೂನಿಫಾರ್ಮು ಒಂದರಿಂದ ಶಾಲೆ ಮುಗಿಯುತ್ತದೆಯೇ? ಫೀಸು ಕಟ್ಟಿಲ್ಲ. ಫೀಸು ಕಟ್ಟದವರಿಗೆ ಪುಸ್ತಕದ ಕಟ್ಟು ಕೊಡುವುದಿಲ್ಲವಂತೆ. ಎರಡು ವಾರದಿಂದ ಪಕ್ಕದವಳ ಪುಸ್ತಕಕ್ಕೆ ಕತ್ತು ಚಾಚಿಕೊಂಡು ಕೂರುತ್ತಾಳೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಫೀಸು ಬಾಕಿ ಇದ್ದವರ ಹೆಸರು ಓದುತ್ತಾರಂತೆ, ಓದಿದವರು ಒಂದು ಬದಿಗೆ ನಿಲ್ಲಬೇಕು. ಹೋದ ವಾರ ನಾನು ಹೊನ್ನಾವರಕ್ಕೆ ಹೋದಾಗ ಅದನ್ನೆಲ್ಲ ಅವಳು ಬೇರೆ ಯಾರದ್ದೋ ವಿಷಯ ಹೇಳುವ ಹಾಗೆ ಹೇಳಿದಳು. ಅಂದು ನಾನು ಫೀಸಿನ ದುಡ್ಡಿನ ಲಕೋಟೆ ತೆಗೆದುಕೊಂಡೇ ಹೋಗಿದ್ದೆ. ರೇಖಾ ಗೋಡಂಬಿ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದಾಳೆ, ಸಿಪ್ಪೆಯ ಎಣ್ಣೆಗೆ ಬೆರಳೆಲ್ಲ ಕಪ್ಪಾಗಿ ಸುಲಿದಿದೆ. ಆ ಕೈಯಿಂದಲೇ ಲಕೋಟೆಯನ್ನು ನನ್ನ ಕಡೆಗೆ ದೂಡಿದಳು. "ಬ್ಯಾಡ ಅತ್ಗೆ. ನಾ ತಕಂಡ್ರೆ ಅವ್ರು ಮನೆಗೇ ಬರೂದಿಲ್ಲ" ಎಂದಳು. ನಾನು ಅತ್ತೆ, ಬೈದೆ, ಎಲ್ಲ ಮಾಡಿದೆ. ಅವಳು ಕದಲಲಿಲ್ಲ.

ನಾನೇ ಶಾಲೆಯ ಆಫೀಸಿಗೆ ಹೋಗಿ ಕಟ್ಟಿಬಿಡಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಮೂರು ಸಲ ಹೊರಟು ಮೂರು ಸಲ ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದಿದ್ದೇನೆ. ಕೇಳದೆ ಒಮ್ಮೆ ನೇರ ಹೋಗಿದ್ದಕ್ಕೆ ಏನಾಯಿತು ಎಂದು ನೋಡಿದೆನಲ್ಲ. ಮತ್ತೆ ಹಾಗೆ ಮಾಡಿದರೆ ನೀನು ಭಟ್ಕಳವನ್ನೂ ಬಿಟ್ಟು ಇನ್ನೆಲ್ಲಿಗೋ ಹೋಗುತ್ತೀಯ ಎಂದು ಹೆದರಿಕೆ. ಕೊಟ್ಟರೆ ತಮ್ಮ ಹೋಗುತ್ತಾನೆ, ಕೊಡದಿದ್ದರೆ ಹುಡುಗಿಯ ಓದು ಹೋಗುತ್ತದೆ. ನಾನೇನು ಮಾಡಲಿ, ನೀನೇ ಹೇಳು. ಆಫೀಸಿನವರು ಈ ತಿಂಗಳು ಇಪ್ಪತ್ತೆಂಟರವರೆಗೆ ಕಾಯುತ್ತೇವೆ ಎಂದಿದ್ದಾರಂತೆ.

ನನಗೇನೂ ದೊಡ್ಡ ಆಸೆಯಿಲ್ಲ. ಈ ವರ್ಷ ಕಟ್ಟಿದರೆ ಬರುವ ವರ್ಷ ಮತ್ತೆ ಇದೇ ಜೂನ್ ಬರುತ್ತದೆ. ನಿನ್ನ ಅಂಗಡಿಗೆ ಆ ನೀಲಿ ಮೇ ತಿಂಗಳು ತಿರುಗಿ ಬರುವುದಿಲ್ಲ. ಈಗ ಉಳಿದ ಶಾಲೆಗಳೂ ರೆಡಿಮೇಡಿಗೇ ಹೋಗುತ್ತಿವೆ ಎಂದು ಕೇಳಿದೆ. ಭಾವ ಹೇಳಿದ್ದೆಲ್ಲ ನಿಜವೇ ಆಗಬಹುದು. ಎಲ್ಲ ಸರಿಹೋಗುತ್ತದೆ ಎಂದು ನಿನಗೆ ಸುಳ್ಳು ಬರೆಯಲು ಕೈ ಬರುವುದಿಲ್ಲ. ಆದರೆ ಈ ಒಂದು ವರ್ಷ ಆ ಹುಡುಗಿ ಬದಿಗೆ ನಿಲ್ಲದ ಹಾಗೆ ಮಾಡೋಣ. ನನ್ನ ಜೊತೆ ಮಾತಾಡುವುದು ಬೇಡ, ನನ್ನ ಮುಖ ನೋಡುವುದೂ ಬೇಡ. ರೇಖಾಳಿಗೆ ಫೋನ್ ಮಾಡಿ ಒಂದು ಹೂಂ ಹೇಳು, ಸಾಕು. ದುಡ್ಡು ನನ್ನದು ಎಂದು ಅಮೂಲ್ಯಾಳಿಗೂ ಹೇಳುವುದು ಬೇಡ, ಅಪ್ಪ ಭಟ್ಕಳದಿಂದ ಕಳಿಸಿದ್ದು ಎನ್ನಲಿ. ಆ ಸುಳ್ಳನ್ನು ನಾನು ಸಾಯುವವರೆಗೆ ಹೊರಗೆ ಹಾಕುವುದಿಲ್ಲ.

ಅಂದು ನಿನ್ನ ಮೇಜಿನ ಮುಂದೆ ಆಡಿದ ಮಾತಿಗೆ ಕ್ಷಮೆ ಕೇಳುತ್ತೇನೆ. ನಿನಗಿಂತ ಆರು ವರ್ಷ ದೊಡ್ಡವಳು, ಆದರೂ ಕೇಳುತ್ತೇನೆ. ನನಗೆ ಸುಸ್ತಾಗಿದೆ ಶ್ರೀಧರ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು, ಅವರು ಕೊಟ್ಟ ಸ್ಟೂಲಿಗೂ ಫ್ಯಾನಿಗೂ. ಭಾವ ನಿನ್ನನ್ನು ಕೇಳಿದ್ದಾರೆ, ಬಾಯಲ್ಲಿ ಏನೇ ಅಂದರೂ ಬಸ್ಸು ಭಟ್ಕಳದಿಂದ ಬಂದಾಗಲೆಲ್ಲ ಇಳಿಯುವವರನ್ನು ನೋಡುತ್ತಾರೆ.

ನೀನು ಹಿಡಿದ ಸೂಜಿ ನಿನ್ನ ಬೆರಳಿಗೆ ಚುಚ್ಚದಿರಲಿ, ಹೊತ್ತಿಗೆ ಸರಿಯಾಗಿ ಒಂದು ತುತ್ತು ಅನ್ನ ಸಿಗಲಿ ಎಂದು ಹರಸುವ

ನಿನ್ನ ಅಕ್ಕ
ಮಾಲಿನಿ

ತಾ.ಕ.: ಕಾಗದ ಮಡಚಿ ಅಂಟಿಸುವುದರಲ್ಲಿದ್ದೆ, ಅಷ್ಟರಲ್ಲಿ ನಡುವೆ ಎದ್ದು ಹೋಗಿದ್ದ ಭಾವ ಡಿಪೋದಿಂದ ತಿರುಗಿ ಬಂದರು, ಕೈಯಲ್ಲಿ ಒಂದು ಚೀಲ. ನನಗೆ ತಲುಪಿಸಲು ಹೊನ್ನಾವರದ ಸ್ಟ್ಯಾಂಡಿನಲ್ಲಿ ಅಮೂಲ್ಯಾ ಅದನ್ನು ಲೋಕೇಶನ ಕೈಯಲ್ಲಿ ಕೊಟ್ಟಳಂತೆ, ಅದೇ ಕಂಪನಿಯ ಪ್ಲಾಸ್ಟಿಕ್ ಚೀಲ, ಒಗೆದು ಇಸ್ತ್ರಿ ಮಾಡಿದ ಎರಡೂ ಜೊತೆ. ಕೂಡಲೇ ರೇಖಾಳಿಗೆ ಫೋನ್ ಮಾಡಿದೆ. ಹುಡುಗಿ ನಿನ್ನೆಯೇ ಹಟ ಮಾಡಿ ಅಮ್ಮನಿಂದ ಸಹಿ ಹಾಕಿಸಿಕೊಂಡು ಶಾಲೆಯಿಂದ ಟಿಸಿ ತಂದಿದ್ದಾಳೆ. ಸರಕಾರಿ ಶಾಲೆಗೆ ಕಳಿಸು ಎಂದೆ. ಅಲ್ಲಿಗೂ ಹೋಗುವುದಿಲ್ಲವಂತೆ. "ನನ್ ಶಾಲೆಯಿಂದಾನೇ ಅಪ್ಪ ಮನೆ ಬಿಟ್ಟದ್ದು" ಎಂದು ಒಂದೇ ಮಾತು, ಅಜ್ಜನ ಮಿಷನ್ನಿನ ಪಕ್ಕ ಕೂತು ಯಾರದ್ದೋ ಸೀರೆಗೆ ಫಾಲ್ ಹಚ್ಚುತ್ತಿದ್ದಾಳೆ. ಇನ್ನು ನೀನು ಹೂಂ ಹೇಳುವುದೂ ಬೇಕಾಗಿಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಫೋನು ಇಟ್ಟ ಮೇಲೆ ಆ ಪ್ಯಾಂಟುಗಳನ್ನು ಒಳಗು ಹೊರಗು ಮಾಡಿ ನೋಡಿದೆ, ಇವತ್ತು ಮೊದಲನೇ ಸಲ. ಸೊಂಟದ ಹತ್ತಿರ, ಟಾಪಿನ ಕೆಳಗೆ ಯಾರಿಗೂ ಕಾಣದ ಜಾಗದಲ್ಲಿ, ನೀಲಿ ಚೌಕುಳಿ ಬಟ್ಟೆಯ ಪಟ್ಟಿ ಜೋಡಿಸಿದ್ದೀಯ. ಅದನ್ನು ಒಳಕ್ಕೆ ಎರಡು ಮಡಿಕೆ ಮಾಡಿ ಕಚ್ಚಾ ಹೊಲಿಗೆ ಹಾಕಿದ್ದೀಯ, ಒಂದು ಮಡಿಕೆ ಬಿಚ್ಚಿದರೆ ಪ್ಯಾಂಟು ನಾಲ್ಕು ಬೆರಳು ಇಳಿಯುತ್ತದೆ, ಇನ್ನೊಂದು ಬಿಚ್ಚಿದರೆ ಮತ್ತೆ ನಾಲ್ಕು ಬೆರಳು. ಒಂಬತ್ತನೆಯ ಕ್ಲಾಸಿಗೊಂದು, ಹತ್ತನೆಯದಕ್ಕೊಂದು. ನೀನು ಆ ಸಂಜೆ ಬಿಚ್ಚಿದ್ದು ಇದಕ್ಕೆ. ಶಾಲೆ ಬಿಡಬೇಡ ಎಂದು ಹುಡುಗಿಗೆ ಹೇಳಲು ನಿನಗೊಬ್ಬನಿಗೇ ಆಗುತ್ತದೆ, ಬರುವುದಾದರೆ ಬಾ. ಬಟ್ಟೆ ನನ್ನ ಹತ್ತಿರ ಇದೆ. ಮಡಿಕೆ ಎರಡೂ ಹಾಗೆಯೇ ಇವೆ, ನಾನು ಬಿಚ್ಚಿಲ್ಲ.